ಕೊನೆಯ ನುಡಿಗೆ ಮೊದಲೇ ನಿಂತ ವಿಡಿಯೊ

ಸಿಂಧನೂರಿನ ಬಸ್ ನಿಲ್ದಾಣದಿಂದ ಗಂಜ್ ಮಾರುಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ನಾನು ದುಡಿದ ಅಂಗಡಿ ಈಗಲೂ ಇದೆ. ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಇಬ್ಬರು ಹುಡುಗಿಯರು ಸರದಿಯಂತೆ ಕೂರುತ್ತಾರೆ. ಮೊನ್ನೆ ಅತ್ತ ಹೋದಾಗ ಅವರಲ್ಲೊಬ್ಬಳು, "ರತ್ನಕ್ಕಾ, ಇದೇನು ದೊಡ್ಡ ಕೆಲಸ ಬಿಡ್ರಿ. ಆಡಿಯೊ ಹಾಕೋದು, ಫೋಟೊ ಹಾಕೋದು, ಗುಂಡಿ ಒತ್ತೋದು. ವಿಡಿಯೊ ತಾನ ಬರ್ತದ. ಇದರಾಗ ಕಲಿಯೋದು ಏನೈತಿ?" ಅಂದಳು. ನಾನು ನಕ್ಕು ಹೊರಟುಬಂದೆ. ಆದರೆ ಲಿಂಗಸುಗೂರಿನ ಬಸ್ಸು ಹತ್ತಿ ಕೂತ ಮೇಲೆ ಸಿಟ್ಟು ನೆತ್ತಿಗೇರಿತು. ಆ ಗುಂಡಿ ಒತ್ತಿ ಒತ್ತಿ ನಾನು ಎಷ್ಟು ಸಲ ದಂಗುಬಡಿದು ಕೂತಿದ್ದೇನೆ ಎಂಬುದು ಆ ಹುಡುಗಿಗೆ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಲಿಂಗಸುಗೂರಿನ ಶಾಲೆಯೊಂದರಲ್ಲಿ ಜವಾನರಾಗಿದ್ದರು. ನಾನು ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಹುಣ್ಣಿಮೆಗೆ ವಂದನೆ ಹೇಳುವವರ ದನಿಯನ್ನು ಕ್ಯಾಸೆಟ್ಟಿಗೆ ಹಾಕಿಸಲು ಅಪ್ಪನ ಜೊತೆ ಸಿಂಧನೂರಿಗೆ ಹೋದವಳು, ಅದೇ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಮಾಲಕರ ಹೆಸರು ವಿರೂಪಾಕ್ಷಪ್ಪ. ಮೊದಲ ದಿನ ಅವರು ಮೈಕು ಮುಂದೆ ಹಿಡಿದು, "ಏನರ ಮಾತಾಡವ್ವ" ಅಂದರು. ನನ್ನ ಹೆಸರು, ಊರು ಹೇಳಿದೆ. ತಿರುಗಿ ಹಚ್ಚಿದಾಗ ಬಂದ ದನಿ ಕೇಳಿ ಬೆಚ್ಚಿಬಿದ್ದೆ. ಯಾರೋ ಮೂಗು ಹಿಡಿದುಕೊಂಡು ನನ್ನ ಹೆಸರು ಹೇಳುತ್ತಿದ್ದರು. "ಇದು ನಾನಲ್ಲರಿ" ಅಂದೆ. ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಾರೂ ಹಂಗ ಅಂತಾರ. ಮಂದಿಗೆ ನೀ ಕೇಳೋದು ಹಿಂಗ" ಎಂದರು. ಕೆಲಸಕ್ಕೆ ಸೇರಿದ ದಿನವೇ ಇಂಥ ಪೆಟ್ಟು ತಿಂದವಳು ನಾನು.

ಆಗಿನ ಪದ್ಧತಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಮ್ಮಲ್ಲಿ ಎರಡು ಟೇಪ್ ರೆಕಾರ್ಡರುಗಳಿದ್ದವು. ಒಂದರಲ್ಲಿ ಹಾಡು ಓಡಬೇಕು, ಇನ್ನೊಂದರಲ್ಲಿ ಅಚ್ಚಾಗಬೇಕು. ಹಾಡು ಎಷ್ಟು ಉದ್ದವೋ ನಕಲಿಗೂ ಅಷ್ಟೇ ಹೊತ್ತು. ಮಧ್ಯೆ ಎದ್ದು ಹೋಗುವಂತಿಲ್ಲ, ಟೇಪು ಸಿಕ್ಕಿಕೊಂಡೀತು. ಹಾಗಾಗಿ ತತ್ವಪದ, ಸೋಬಾನ, ಮೊಹರಮ್ಮಿನ ಪದ, ಏನೇ ಬಂದರೂ ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇನೆ. ಇಷ್ಟವಿತ್ತೆಂದಲ್ಲ, ಬೇರೆ ದಾರಿ ಇರಲಿಲ್ಲ. ನಮ್ಮ ಭಾಗದಲ್ಲಿ ಪದಕ್ಕೆ ಒಂದು ಕಟ್ಟಳೆ ಇದೆ. ಕೊನೆಯ ನುಡಿಯಲ್ಲಿ ಊರಿನ ಹೆಸರು, ಪದ ಕಟ್ಟಿದವರ ಹೆಸರು ಬರಲೇಬೇಕು. ಬರದಿದ್ದರೆ ಕಟ್ಟೆಯ ಮೇಲೆ ಕೂತ ಹಿರಿಯರು, "ಇದು ಯಾರ ಮನಿ ಕೂಸಪ?" ಎಂದು ಕೇಳಿಬಿಡುತ್ತಿದ್ದರು. ಹಾಡುಗಾರನಿಗೆ ಅದಕ್ಕಿಂತ ಅವಮಾನವಿಲ್ಲ. ಪಾಮನಕಲ್ಲೂರಿನದು ಯಾವುದು, ಮುಕ್ಕುಂದದ್ದು ಯಾವುದು ಎಂದು ನಾನು ಆ ಕೊನೆಯ ನುಡಿಯಿಂದಲೇ ಗುರುತು ಹಿಡಿದು ಕ್ಯಾಸೆಟ್ಟಿನ ಮೇಲೆ ಬರೆಯುತ್ತಿದ್ದೆ.

ಕ್ಯಾಸೆಟ್ಟು ಹೋಯಿತು, ಸಿಡಿ ಬಂತು, ಅದೂ ಹೋಯಿತು. ಮೊಬೈಲಿನಲ್ಲಿ ಹಾಡು ತುಂಬಿಸಿಕೊಡುವ ಕಾಲ ಬಂತು. ಅದಾದ ಮೇಲೆ ಒಂದು ದಿನ ಗಿರಾಕಿಯೊಬ್ಬ ಬಂದು, "ಅಕ್ಕಾ, ಈ ಹಾಡು ಸ್ಟೇಟಸ್ಸಿಗೆ ಹೋಗವಲ್ದು. ಬರೇ ದನಿ ತಗೊಳಂಗಿಲ್ಲಂತ, ವಿಡಿಯೊ ಬೇಕಂತ" ಅಂದ. ನನಗೆ ಅರ್ಥವೇ ಆಗಲಿಲ್ಲ. ಹಾಡಿಗೆ ಮುಖ ಯಾಕೆ ಬೇಕು? ಇಷ್ಟು ವರ್ಷ ಕಿವಿಯಿಂದ ಕೇಳಿದ ಜನ ಈಗ ಕಣ್ಣಿನಿಂದ ಕೇಳುತ್ತಾರೇನು? ಆದರೆ ಆ ವಾರವೇ ಇನ್ನಷ್ಟು ಜನ ಅದೇ ಬೇಡಿಕೆ ಹೊತ್ತು ಬಂದರು. ದನಿ ಒಂದೇ ತಂದರೆ ಯಾವ ಗ್ರೂಪಿನಲ್ಲೂ ಯಾರೂ ತೆರೆಯುವುದಿಲ್ಲವಂತೆ, ಚಿತ್ರವಿದ್ದರೆ ತೆರೆಯುತ್ತಾರಂತೆ.

ಮಾಲಕರು ಎಲ್ಲಿಂದಲೋ ಒಂದು ವೆಬ್‌ಸೈಟು ಹುಡುಕಿ ತಂದರು. ಪುಕ್ಕಟೆ. ಆಡಿಯೊ ಫೈಲು ಹಾಕಿ, ಒಂದು ಫೋಟೊ ಕೊಟ್ಟು ಒತ್ತಿದರೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಓಡಿ, ವಿಡಿಯೊ ತಯಾರಾಗಿದೆ ಎಂದು ತೋರಿಸುತ್ತಿತ್ತು. ಈ ಅಡುಗೆಯೆಲ್ಲ ಮೇಜಿನ ಕೆಳಗಿನ ಕಂಪ್ಯೂಟರಿನ ಡಬ್ಬಿಯಲ್ಲಿ ಆಗುತ್ತದೆ ಎಂದೇ ನಾನು ತಿಳಿದಿದ್ದೆ. ಒಂದು ದಿನ ನೆಟ್ ಹೋಗಿ ಗೆರೆ ಅರ್ಧಕ್ಕೆ ನಿಂತಾಗ ಕೇಬಲ್ಲಿನವನು ಬಂದು, "ಇಲ್ಲೇನೂ ಆಗಂಗಿಲ್ಲ ಅಕ್ಕಾ. ನಿಮ್ಮ ಫೈಲು ಪರದೇಶಕ್ಕ ಹೋಗಿ, ಅಲ್ಲಿ ವಿಡಿಯೊ ಆಗಿ ವಾಪಸ್ ಬರ್ತದ" ಎಂದ. ಅವತ್ತು ಬೆಳಿಗ್ಗೆಯಷ್ಟೇ ನಮ್ಮವ್ವ ಹೇಳಿದ ಜೋಗುಳವನ್ನು ತಂಗಿಗಾಗಿ ವಿಡಿಯೊ ಮಾಡಿದ್ದೆ. ರಾಯಚೂರು ದಾಟಿ ಹೋಗದ ನಮ್ಮವ್ವನ ದನಿ ನನ್ನನ್ನು ಕೇಳದೆ ಸಮುದ್ರ ದಾಟಿ ಬಂದಿತ್ತು.

ಆ ವೆಬ್‌ಸೈಟಿಗೆ ಇನ್ನೊಂದು ಚಾಳಿಯಿತ್ತು. ಫೋಟೊ ಕೊಡದಿದ್ದರೆ ತನ್ನದೇ ಚಿತ್ರ ಹಾಕಿಬಿಡುತ್ತಿತ್ತು. ದಢೇಸುಗೂರಿನ ತಿಪ್ಪಣ್ಣ ಎಂಬ ರೈತ ತೀರಿಹೋದ ತಾಯಿಯ ದನಿ ತಂದಿದ್ದ. ಫೋನಿನಲ್ಲಿ ಉಳಿದಿದ್ದ ಒಂದೇ ಒಂದು ಸಂದೇಶ. "ಫೋಟೊ ಆಮ್ಯಾಲ ತರ್ತೀನಿ, ಮೊದಲ ಒಂದು ಮಾಡಿ ತೋರಿಸ್ರಿ" ಅಂದ. ಮಾಡಿದೆ. ತೆರೆಯ ಮೇಲೆ ಹಳದಿ ಕೂದಲಿನ ಪರದೇಶಿ ಹೆಂಗಸೊಬ್ಬಳು ಹಣ್ಣಿನ ರಸ ಹಿಡಿದು ಹಲ್ಲು ಕಿರಿದು ನಗುತ್ತಿದ್ದಳು. ದನಿ ಮಾತ್ರ, "ಏ ತಿಪ್ಪಣ್ಣಾ, ನಾಟಿ ಮುಗೀತೇನೋ? ಉಂಡೇನೋ ಇಲ್ಲೋ, ಹೇಳಲೇ" ಎನ್ನುತ್ತಿತ್ತು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತಿಪ್ಪಣ್ಣ ಮೆಲ್ಲಗೆ, "ನಮ್ಮವ್ವ ಇಷ್ಟು ನಕ್ಕಿದ್ದು ನಾ ಯಾವತ್ತೂ ನೋಡಿಲ್ಲರಿ" ಎಂದ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮಾಲಕರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಒಳ್ಳೆಯ ಮನುಷ್ಯ, ಆದರೆ ಕಾಲ ಕೆಳಗೆ ಕೆಂಡ ಇದ್ದವರಂತೆ ಅವಸರ. "ಫಟಾಫಟ್" ಎಂಬುದು ಅವರ ಮಂತ್ರ. ಒಮ್ಮೆ ಲಿಂಗಸುಗೂರಿನ ಮನೆಯೊಂದರಿಂದ ಅಜ್ಜಿಯ ಆಶೀರ್ವಾದದ ದನಿ ಬಂತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ವಿಡಿಯೊ ಆಗಬೇಕಿತ್ತು. ನಾನು ಊಟಕ್ಕೆ ಹೋಗಿದ್ದೆ, ಮಾಲಕರೇ ಕೂತು ಮಾಡಿದರು. ಚೆಂದ ಕಾಣಲಿ ಎಂದು ಅಜ್ಜಿಯ ಫೋಟೊಗೆ ಗುಲಾಬಿ ಹೂವಿನ ಮಾಲೆ ಹಾಕಿದರು, ಅಕ್ಕಪಕ್ಕ ಎರಡು ದೀಪ ಉರಿಸಿದರು. ಮನೆಯವರು ಅದನ್ನು ತೆರೆದು ನೋಡದೆಯೇ ಬಳಗದ ಗ್ರೂಪಿಗೆ ಬಿಟ್ಟರು. ಸಂಜೆಯೊಳಗೆ ಮಸ್ಕಿಯಿಂದ, ಮುದಗಲ್ಲಿನಿಂದ ನೆಂಟರು ರೊಟ್ಟಿಬುತ್ತಿ ಕಟ್ಟಿಕೊಂಡು, ಬೀದಿಯಿಂದಲೇ ಅಳುತ್ತ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಬುತ್ತಿ. ಬಾಗಿಲು ತೆಗೆದವಳು ಅಜ್ಜಿಯೇ! ಅಳುತ್ತಿದ್ದವಳೊಬ್ಬಳು ಕಿಟಾರನೆ ಕಿರುಚಿ ಕೂತುಬಿಟ್ಟಳಂತೆ. ಅಜ್ಜಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, "ಬಂದ ಬುತ್ತಿ ತಿರುಗಿ ಕಳಿಸಬಾರದು, ಬಿಚ್ರಿ" ಎಂದು ತಾನೇ ಮೊದಲು ಕೂತು ಉಂಡಳಂತೆ. ಮರುದಿನ ಮನೆಯ ಗಂಡಸರು ಅಂಗಡಿಗೆ ಬಂದಾಗ ಮಾಲಕರು ಹಿಂದಿನ ಬಾಗಿಲಿನಿಂದ ಚಹಾ ಕುಡಿಯಲು ಹೋಗಿದ್ದರು. ಬೈಗುಳ ತಿಂದವಳು ನಾನು.

ಇಷ್ಟಾದರೂ ಮಾಲಕರು ಒಂದು ನಿಯಮವನ್ನು ಬಿಡಲಿಲ್ಲ. ವಿಡಿಯೊ ತಯಾರಾದ ಮೇಲೆ ಮೊದಲ ಎರಡು ಸಾಲು ಹಚ್ಚಿ ನೋಡುವುದು, ದನಿ ಬಂತೋ, ಚಿತ್ರ ಬಂತೋ, ಆಯಿತು, ಕೊಟ್ಟು ಕಳಿಸುವುದು. "ಕಡೀತನಕ ಕೇಳಾಕ ಕುಂತ್ರ ಇದು ಅಂಗಡಿಯೇನು, ಭಜನಿ ಮಂಡಳಿಯೇನು?" ಎನ್ನುತ್ತಿದ್ದರು. ಹೊರಗೆ ಗಿರಾಕಿಗಳ ಸಾಲು ಇರುತ್ತಿತ್ತು. ನಾನೂ ಒಗ್ಗಿಕೊಂಡೆ.

ಪಾಮನಕಲ್ಲೂರಿನ ಈರಣ್ಣ ಹಲಗಿ ಬಾರಿಸುತ್ತ ಮೊಹರಮ್ಮಿನ ಪದ ಹಾಡುವ ಮೇಳದ ಮುಖಂಡ. ಕ್ಯಾಸೆಟ್ಟಿನ ಕಾಲದಿಂದ ನಮ್ಮ ಗಿರಾಕಿ. ಕರ್ಬಲಾದ ಕಾಳಗದಲ್ಲಿ ನೀರು ಸಿಗದವರ ನೀರಡಿಕೆಯ ಮೇಲೆ ಅವನ ಮೇಳದ ಒಂದು ಹೊಸ ಪದವಿತ್ತು. ಕಾಲುವೆ ತುಂಬಿ ಹರಿಯುವ ಸೀಮೆಯಲ್ಲಿ ಕೂತು ಕೇಳಿದರೂ ಗಂಟಲು ಒಣಗಬೇಕು, ಹಾಗಿತ್ತು ಪದ. ಅದನ್ನು ವಿಡಿಯೊ ಮಾಡಿಸಿಕೊಂಡು ಹೋದ. ಅದು ಎಲ್ಲರ ಮೊಬೈಲಿಗೂ ಹಬ್ಬಿತು. ಸಿಂಧನೂರಿನ ಚಹಾ ಅಂಗಡಿಯಲ್ಲಿ, ಟಂಟಂ ಗಾಡಿಯಲ್ಲಿ, ನಾಟಿ ಮಾಡುವ ಗದ್ದೆಯ ಬದುವಿನಲ್ಲಿ ಅದೇ ಪದ. ನಾನು ಉಬ್ಬಿದ್ದೇ ಉಬ್ಬಿದ್ದು.

ಎರಡು ಮೊಹರಂ ಕಳೆದವು. ಒಂದು ಮಧ್ಯಾಹ್ನ ಈರಣ್ಣ ಅಂಗಡಿಗೆ ಬಂದ. ಮುಖ ಕಪ್ಪಿಟ್ಟಿತ್ತು. ಅವನ ಹಿಂದೆ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ. ಬೆರಳುಗಳ ತುದಿಗಳೆಲ್ಲ ಸೂಜಿ ಚುಚ್ಚಿ ಗಡುಸಾಗಿದ್ದವು.

"ಇಕಿ ಹುಸೇನಬಿ ಅಂತ, ನಮ್ಮೂರಾಕಿ. ಕೌದಿ ಹೊಲಿತಾಳ" ಎಂದ ಈರಣ್ಣ. ನಂತರ, "ನಾ ಹಾಡೋ ಪದ ಎಲ್ಲಾ ಕಟ್ಟಿದಾಕಿ ಇಕಿನ" ಎಂದು ಸೇರಿಸಿದ.

ನಾನು ಕುರ್ಚಿಯಿಂದ ಎದ್ದು ನಿಂತೆ. ಹುಸೇನಬಿ! ಕ್ಯಾಸೆಟ್ಟಿನ ಕಾಲದಲ್ಲಿ ಆ ಹೆಸರನ್ನು ಎಷ್ಟು ಸಲ ಕೇಳಿದ್ದೆ! ಈರಣ್ಣನ ಪ್ರತಿ ಪದದ ಕೊನೆಗೆ ಬರುವ ಹೆಸರು. ಯಾವುದೋ ಹಳೆಯ ಕಾಲದ, ಎಂದೋ ತೀರಿಹೋದ ಸಂತಳ ಹೆಸರಿರಬೇಕು ಎಂದು ತಿಳಿದಿದ್ದೆ. ಆಕೆ ನಮ್ಮ ನಡುವೆಯೇ ಪಾಮನಕಲ್ಲೂರಿನಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತ ಕೂತಿದ್ದಾಳೆ ಎಂದು ಯಾರು ಎಣಿಸಿದ್ದರು?

ಆಕೆ ಕೂತಳು. ನೀರು ಕುಡಿದಳು. ಗದರಲಿಲ್ಲ, ಅಳಲಿಲ್ಲ. "ಬೇಟಿ, ನನ್ನ ಹೆಸರು ಕಳದೈತಿ. ಈ ಅಂಗಡ್ಯಾಗ ಬಿದ್ದೈತೇನು ನೋಡು" ಎಂದಳು.

ನನಗೆ ಅರ್ಥವಾಗಲಿಲ್ಲ. ಈರಣ್ಣ ವಿವರಿಸಿದ. ಹೋದ ಮೊಹರಮ್ಮಿಗೆ ಹುಸೇನಬಿ ಮುಕ್ಕುಂದದ ನೆಂಟರ ಮನೆಗೆ ಹೋಗಿದ್ದಳು. ಮೊಹರಮ್ಮಿನ ಬೆಂಕಿ ಉರಿಯುವ ಅಲಾಯಿ ಕುಣಿಯ ಹತ್ತಿರ ಹೆಂಗಸರ ನಡುವೆ ಕೂತಿದ್ದಾಗ ಅಲ್ಲಿಯ ಮೇಳದವರು ಈಕೆಯದೇ ನೀರಡಿಕೆಯ ಪದ ಎತ್ತಿಕೊಂಡರು. ಚೆನ್ನಾಗಿಯೇ ಹಾಡಿದರು. ಕೊನೆಯ ನುಡಿ ಬಂತು. ಅದರಲ್ಲಿ ಊರು ಪಾಮನಕಲ್ಲೂರಲ್ಲ, ಮುಕ್ಕುಂದ. ಕಟ್ಟಿದವನು ದ್ಯಾವಣ್ಣ. ಆಕೆ ಎದ್ದು ಬಂದಳು. ಆಗ ಯಾರೊಂದಿಗೂ ಹೇಳಲಿಲ್ಲ.

"ಅಷ್ಟಕ್ಕ ಮುಗಿದಿದ್ರ ಸುಮ್ಮನಿರತಿದ್ವಿ ಅಕ್ಕಾ" ಎಂದ ಈರಣ್ಣ. "ಮೊನ್ನಿ ದಢೇಸುಗೂರಾಗ ನಮ್ಮ ಮೇಳ ಕರಿಸಿದ್ರು. ಅದ ಪದ ಹಾಡಿದೆ. ಕಡೀ ನುಡ್ಯಾಗ ಇಕಿ ಹೆಸರು ಬಂತು. ಹುಡುಗರು ಎದ್ದು ನಿಂತು, ಇದು ಮುಕ್ಕುಂದದವರ ಪದ, ನೀವು ಕದ್ದು ಹೆಸರು ತುರುಕೀರಿ ಅಂತ ಕೂಗಿದ್ರು. ಕಳ್ಳಿ ಅಂದ್ರು ಅಕ್ಕಾ, ಇಕೀಗೆ. ನಾ ಹಲಗಿ ಕೆಳಗಿಟ್ಟೆ. ಇನ್ನ ಆ ಪದ ನಾ ಹಾಡಂಗಿಲ್ಲ."

ತಾನು ಹೆತ್ತ ಪದಕ್ಕೆ ತಾಯಿಯೇ ಕಳ್ಳಿ! ಇಂಥದು ಎಲ್ಲಾದರೂ ಉಂಟೇ?

ಮೊಬೈಲಿನಲ್ಲಿ ಎಲ್ಲರೂ ಕೇಳುತ್ತಿದ್ದ ವಿಡಿಯೊ ತೆಗೆದೆ. ಆ ಅಂಗಡಿಯಲ್ಲಿ ವರ್ಷಗಳ ನಂತರ ಮೊದಲ ಸಲ ಒಂದು ಪದವನ್ನು ಕೊನೆಯವರೆಗೆ ಕೇಳುತ್ತ ಕೂತೆ. ಮಾಲಕರು ಎರಡು ಸಲ ಇಣುಕಿ ನೋಡಿದರು. ಪದ ಏರಿತು, ಇಳಿಯಿತು, ಕೂಸು ನೀರು ಕೇಳಿತು, ತಾಯಿ ಬರಿಗೊಡ ತೋರಿಸಿದಳು. ಇನ್ನೇನು ಹಲಗಿ ಮೆತ್ತಗಾಗಿ ಕೊನೆಯ ನುಡಿ ಬರಬೇಕು, ವಿಡಿಯೊ ನಿಂತುಬಿಟ್ಟಿತು. ನೆಟ್ ಹೋಗಿದೆ ಎಂದುಕೊಂಡೆ. ಹೋಗಿರಲಿಲ್ಲ. ವಿಡಿಯೊ ಇದ್ದದ್ದೇ ಅಷ್ಟು.

ಕಂಪ್ಯೂಟರಿನಲ್ಲಿ ಈರಣ್ಣ ಅಂದು ತಂದಿದ್ದ ಆಡಿಯೊ ಇನ್ನೂ ಇತ್ತು. ಅದನ್ನು ಅದೇ ಜಾಗದಿಂದ ಹಚ್ಚಿದೆ. ಹಲಗಿಯ ಸದ್ದು ಇಳಿಯಿತು, ಈರಣ್ಣನ ದನಿ ಒಂಟಿಯಾಗಿ ಬಂತು.

"ಊರೊಳು ಊರು ಪಾಮನಕಲ್ಲೂರ, ಮೆರದಾವ ಡೋಲಿ,
ಸೂಜಿ ಹಿಡದ ಹುಸೇನಬಿ ಪೋಣಿಸ್ಯಾಳ ಪದದ ಮಾಲಿ."

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೆಬ್‌ಸೈಟು ತೆರೆದು, ಪುಟದ ತೀರ ಕೆಳಗೆ ಇರುವೆ ಸಾಲಿನಂತಿದ್ದ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಪುಕ್ಕಟೆ ಮಾಡಿಸಿಕೊಳ್ಳುವವರಿಗೆ ಇಷ್ಟೇ ಉದ್ದ, ಅದಕ್ಕಿಂತ ಹೆಚ್ಚಿನದನ್ನು ಕತ್ತರಿಸಲಾಗುವುದು ಎಂದಿತ್ತು. ಕತ್ತರಿಸುವಾಗ ಒಂದು ಮಾತು ಹೇಳುವುದು ಬೇಡವೇ? ಹಸಿರು ಗೆರೆ ಪೂರ್ತಿ ತುಂಬಿ, ನಿಮ್ಮ ವಿಡಿಯೊ ಸಿದ್ಧ ಎಂದು ಪ್ರತಿ ಸಲ ಹಲ್ಲು ಕಿರಿಯುತ್ತಿತ್ತಲ್ಲ!

ಉದ್ದನೆಯ ಹಾಡುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಬಾಲ ಕಳೆದುಕೊಂಡಿದ್ದವು. ಮದುವೆಯ ಸೋಬಾನದಲ್ಲಿ ಹೆಣ್ಣು ಒಪ್ಪಿಸುವ ಮೊದಲೇ ಹಾಡು ಮುಗಿದಿತ್ತು. ಕೊನೆಗೆ ನಮ್ಮ ಮನೆಯ ವಂದನೆ. ಅಪ್ಪನ ಕಾಲದ ಕ್ಯಾಸೆಟ್ಟಿನಿಂದ ಇಳಿಸಿ ನಾನೇ ವಿಡಿಯೊ ಮಾಡಿದ್ದು. ಹುಣ್ಣಿಮೆಗೊಮ್ಮೆ ತಂಗಿಯ ಮನೆಯಲ್ಲಿ ಎಲ್ಲರೂ ಕೈಮುಗಿದು ಕೇಳುವುದು. ಅದು ಕೊನೆಯ "ಸಾಧು, ಸಾಧು, ಸಾಧು" ಬರುವ ಮೊದಲೇ ನಿಲ್ಲುತ್ತಿತ್ತು. ಆ ಹೊತ್ತಿಗೆ ನಾವೇ ಬಾಯಿಂದ ಸಾಧು ಎನ್ನುತ್ತಿದ್ದೆವಾದ್ದರಿಂದ ಒಬ್ಬರಿಗೂ ತಿಳಿದಿರಲಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಡುಗಿಸಿತು. ಯಂತ್ರ ಕತ್ತರಿಸಿದ್ದು ಬಿಡಿ, ಅದಕ್ಕೆ ಕರುಳಿಲ್ಲ. ಆದರೆ ನೀರಡಿಕೆಯ ಪದವನ್ನು ಮೂರು ತಾಲ್ಲೂಕಿನ ಜನ ಒಬ್ಬರಿಗೊಬ್ಬರು ಕಳಿಸಿದರು, ಆಹಾ ಎಂದರು, ಕಣ್ಣೀರು ಬಂತು ಎಂದರು. ಪದ ಅರ್ಧಕ್ಕೇ ನಿಂತಿದೆ, ಮುಂದಿನದೆಲ್ಲಿ ಎಂದು ಒಬ್ಬರೂ ಕೇಳಿಕೊಂಡು ಬರಲಿಲ್ಲ. ಕೊನೆಯವರೆಗೆ ಯಾರೂ, ಹಾಡಿದ ಈರಣ್ಣನೂ, ಕೂತೇ ಇರಲಿಲ್ಲ.

ಕೇಳಿದ್ದವನು ಒಬ್ಬನೇ, ಮುಕ್ಕುಂದದ ದ್ಯಾವಣ್ಣ. ಪದ ಕಲಿಯಬೇಕೆಂದು ಕೊನೆಯವರೆಗೆ ಕೇಳಿದ್ದಾನೆ. ಹೆಸರಿನ ನುಡಿ ಇಲ್ಲ. ಹೆಸರಿಲ್ಲದ ಪದ ಹಾಡುವಂತಿಲ್ಲ. ತನ್ನದೊಂದು ನುಡಿ ಕಟ್ಟಿ ಅಂಟಿಸಿದ್ದಾನೆ.

ಮಾಲಕರಿಗೆ ಹೇಳಿದೆ. "ಆತು ಬಿಡ್ರಿ, ಕಡೀ ನುಡಿ ಯಾರು ಕೇಳ್ತಾರ?" ಎಂದರು. ಜೀವಮಾನದಲ್ಲಿ ಅವರ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. "ಆ ಹೆಣ್ಮಗಳ ಹೆಸರು ಜಗತ್ತಿನಾಗ ಇರೋದು ಅಲ್ಲೊಂದ ಕಡೀರಿ!" ಎಂದು ಕೂಗಿದೆ. ಹೊರಗೆ ಸಾಲಿನಲ್ಲಿದ್ದ ಗಿರಾಕಿಗಳು ಒಳಗೆ ಇಣುಕಿದರು. ಮಾಲಕರು ಕೆಮ್ಮಿ, ಕನ್ನಡಕ ಒರೆಸಿಕೊಂಡು, ಬೇರೆ ವೆಬ್‌ಸೈಟು ಹುಡುಕಲು ಒಪ್ಪಿದರು.

ಪೂರ್ತಿ ವಿಡಿಯೊ ಮಾಡುವ ಮೊದಲು ನನಗೊಂದು ಯೋಚನೆ ಹೊಳೆಯಿತು. "ಅಮ್ಮಾ, ಹೆಸರಿನ ನುಡಿಯನ್ನ ಮೊದಲಿಗೇ ಹಾಕಿಬಿಡ್ತೀನಿ. ಯಾರು ಎಲ್ಲಿ ಕತ್ತರಿಸಿದ್ರೂ ನಿಮ್ಮ ಹೆಸರು ಉಳಿತದ" ಎಂದೆ. ಹುಸೇನಬಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಉಣ್ಣಾಕ ಕೊಡೋಕಿಂತ ಮೊದಲ, ನಾ ಮಾಡೀನಿ, ನಾ ಮಾಡೀನಿ ಅಂತಾರೇನು ಬೇಟಿ? ಉಂಡಾದ ಮ್ಯಾಲ ಯಾರು ಮಾಡಿದ್ರು ಅಂತ ಅವರ ಕೇಳಬೇಕು" ಎಂದಳು. ಫೋಟೊ ಕೊಡಲೂ ಒಪ್ಪಲಿಲ್ಲ. ಆಕೆ ಹೊಲಿದು ತಂದಿದ್ದ ಕೌದಿಯ ಫೋಟೊ ತೆಗೆದು ಅದನ್ನೇ ಹಾಕಿದೆ. ನನ್ನ ಕೈಯಲ್ಲಿ ತಯಾರಾದ ವಿಡಿಯೊಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ.

ಪೂರ್ತಿ ಪದವನ್ನು ಎಲ್ಲ ಗ್ರೂಪುಗಳಿಗೂ ಬಿಟ್ಟೆವು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ. ನನ್ನ ಹುಚ್ಚು! ಎಲ್ಲರ ಬಳಿ ಹಳೆಯದು ಮೊದಲೇ ಇತ್ತು, ಹೊಸದನ್ನು ತೆರೆದವರೇ ಕಡಿಮೆ. ತೆರೆದ ಕೆಲವರಲ್ಲಿ ಒಬ್ಬ ಕೆಳಗೆ ಬರೆದಿದ್ದ: ಪದ ಹಳೇದು, ಕೊನೆಗೆ ತಮ್ಮ ಹೆಸರು ಸೇರಿಸಿ ಮೋಸ ಮಾಡಿದ್ದಾರೆ, ಇಂಥವರನ್ನು ಊರಿಗೆ ಕರೆಯಬೇಡಿ. ಸುಳ್ಳು ಮೊದಲು ಊರು ಸುತ್ತಿ ಬಂದು ಕಟ್ಟೆಯ ಮೇಲೆ ಕೂತಿತ್ತು. ನಿಜ ಆಮೇಲೆ ಬಂದು ಬಾಗಿಲಲ್ಲಿ ನಿಂತು ತನ್ನ ಗುರುತು ಹೇಳಿಕೊಳ್ಳಬೇಕಾಗಿತ್ತು.

ಹುಸೇನಬಿಗೆ ಅದನ್ನು ಹೇಳಲು ಮಸ್ಕಿಯ ಸಂತೆಗೆ ಹೋದೆ. ಆಕೆ ಮರದ ಕೆಳಗೆ ಕೌದಿ ಹರಡಿ ಕೂತಿದ್ದಳು. ಎಲ್ಲ ಕೇಳಿ, ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಈ ಊರ ಗುಡ್ಡದಾಗ ಯಾವುದೋ ರಾಜಾ ಬಂಡಿಗಲ್ಲಿನ ಮ್ಯಾಲ ತನ್ನ ಹೆಸರು ಕೊರಸ್ಯಾನಂತ. ಇನ್ನೂ ಐತಂತ. ನಾ ಬಂಡಿಗಲ್ಲು ಕೇಳಲಿಲ್ಲ ಬೇಟಿ. ಒಂದು ಸಾಲು ಕೇಳಿದ್ದೆ." ನನಗೆ ಅಳು ಬಂತು. ಆಕೆಯೇ ನನ್ನ ಬೆನ್ನು ಸವರಿ, "ನಿನ್ನ ಯಂತ್ರದಾಗ ಸರಿ ಆತು. ಮಂದ್ಯಾಗ ಸರಿ ಆಗಿಲ್ಲ. ಅದನ್ನ ಮಂದ್ಯಾಗ ಮಾಡಬೇಕು" ಎಂದಳು. ಹೇಗೆ ಎಂದು ಹೇಳಲಿಲ್ಲ.

ಅದಾದ ಕೆಲವೇ ತಿಂಗಳಿಗೆ ಕಣ್ಣಿನ ತೊಂದರೆಯಿಂದ ನಾನು ಕೆಲಸ ಬಿಟ್ಟು ಲಿಂಗಸುಗೂರಿಗೆ ಬಂದೆ. ಮಾಲಕರು ಶಾಲು ಹೊದಿಸಿದರು. ಆ ವರ್ಷದ ಮೊಹರಂ ಬಂತು. ಈರಣ್ಣ ಫೋನು ಮಾಡಿ, "ಹುಸೇನಬಿ ಮುಕ್ಕುಂದಕ್ಕ ಹೊಂಟಾಳ. ನಿನ್ನನ್ನೂ ಕರಿ ಅಂದಾಳ" ಎಂದ. ಹೋದೆ.

ಕೊನೆಯ ದಿನದ ಇಳಿಹೊತ್ತು. ಮೊಹರಮ್ಮಿನ ದೇವರುಗಳನ್ನು ಡೋಲಿಯೊಂದಿಗೆ ಹೊಳೆಗೆ ಕಳಿಸುವ ಮುಂಚಿನ ಹೊತ್ತು. ಅಲಾಯಿ ಕುಣಿಯ ಸುತ್ತ ಜನವೋ ಜನ. ಎಲ್ಲರ ಕೈಯಲ್ಲೂ ಫೋನು. ಹೆಂಗಸರ ಗುಂಪಿನಲ್ಲಿ ಹುಸೇನಬಿ, ಪಕ್ಕದಲ್ಲಿ ನಾನು. ಈರಣ್ಣ ದೂರದಲ್ಲಿ, ಹಲಗಿಯಿಲ್ಲದೆ ಕೈಕಟ್ಟಿ ನಿಂತಿದ್ದ. ಮುಕ್ಕುಂದದ ಮೇಳ ನೀರಡಿಕೆಯ ಪದ ಎತ್ತಿತು. ದ್ಯಾವಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ದಪ್ಪ ಮೀಸೆಯ, ಕಂಚಿನ ಕಂಠದ ಮನುಷ್ಯ. ಅವನು ಹಾಡಿದ ರೀತಿಗೆ ನನ್ನ ಸಿಟ್ಟೂ ಕರಗಿತು. ಸ್ವಲ್ಪ ಹೊತ್ತು ಎತ್ತಿ ಹಿಡಿದಿದ್ದ ಫೋನುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಸ್ಟೇಟಸ್ಸಿಗೆ ಬೇಕಾದಷ್ಟು ಸಿಕ್ಕಿತ್ತು. ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಹಲಗಿ ಮೆತ್ತಗಾಯಿತು. ದ್ಯಾವಣ್ಣ ಕೊನೆಯ ನುಡಿಗೆ ಉಸಿರು ಎಳೆದುಕೊಂಡ. ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ದನಿ ಎದ್ದಿತು.

"ಊರೊಳು ಊರು ಪಾಮನಕಲ್ಲೂರ, ಮೆರದಾವ ಡೋಲಿ…"

ನಾನು ಗಾಬರಿಯಿಂದ ತಿರುಗಿ ನೋಡಿದೆ. ಹುಸೇನಬಿ ಕೂತಲ್ಲೇ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಗಂಡಸರ ಸಭೆಯಲ್ಲಿ ಆಕೆ ಹಾಡಲು ಬಾಯಿ ತೆರೆದದ್ದು ಆ ವಯಸ್ಸಿಗೆ ಅದೇ ಮೊದಲಂತೆ. ದನಿ ನಡುಗುತ್ತಿತ್ತು, ಆದರೆ ತಾಳ ತಪ್ಪಲಿಲ್ಲ. ಹಲಗಿ ನಿಂತಿತು. ಕುಣಿತ ನಿಂತಿತು. ಹೆಸರಿನ ಸಾಲು ಆ ಮೌನದಲ್ಲಿ ಒಂಟಿಯಾಗಿ ಹೋಯಿತು. ಈಗ ಕಳ್ಳಿ ಎಂದು ಯಾರಾದರೂ ಕೂಗಿದರೆ ಈ ಮುದುಕಿ ಎದೆಯೊಡೆದು ಸಾಯುತ್ತಾಳೆ ಎಂದು ಆಕೆಯ ಕೈ ಹಿಡಿದುಕೊಂಡೆ.

ದ್ಯಾವಣ್ಣ ಜನರನ್ನು ಸರಿಸಿಕೊಂಡು ಹೆಂಗಸರ ಕಡೆಗೆ ಬಂದ. ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡಿದ್ದ.

"ಯವ್ವಾ, ಈ ನುಡಿ ನಾ ಕೇಳೇ ಇಲ್ಲ. ನೀ ಯಾರು?"

"ನುಡ್ಯಾಗ ಹೇಳೀನಲ್ಲಪ" ಎಂದಳು ಹುಸೇನಬಿ.

ಅವನು ಆಕೆಯ ಬೆರಳುಗಳನ್ನು ನೋಡಿದ. ಸೂಜಿ ಚುಚ್ಚಿದ ಆ ತುದಿಗಳನ್ನು ನೋಡಿ ಅವನಿಗೆ ಏನು ಹೊಳೆಯಿತೋ, ಅಲ್ಲೇ ಮೊಣಕಾಲೂರಿ ಕೂತ. "ಮೊಬೈಲ್ನಾಗ ಸಿಕ್ಕ ಪದಕ್ಕ ಕಡೀ ನುಡಿ ಇರಲಿಲ್ಲವ್ವ. ಇಂಥಾ ಕೂಸು ಅನಾಥ ಆಗಬಾರದಂತ ನಮ್ಮೂರ ಹೆಸರು ಇಟ್ಟೆ. ಹೆತ್ತಾಕಿ ಇದ್ದೀ ಅಂತ ಗೊತ್ತಿರಲಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಏನೇನೋ ಎಣಿಸಿಕೊಂಡು ಹೋಗಿದ್ದೆ. ಜಗಳ, ಪಂಚಾಯಿತಿ, ಬೈಗುಳ. ಇದನ್ನು ಮಾತ್ರ ಎಣಿಸಿರಲಿಲ್ಲ. ದ್ಯಾವಣ್ಣ ಎದ್ದು ಹೋಗಿ, ದೂರ ನಿಂತಿದ್ದ ಈರಣ್ಣನ ಕೈಗೆ ತನ್ನ ಹಲಗಿ ಕೊಟ್ಟ. ಇಬ್ಬರೂ ಸೇರಿ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಚಪ್ಪಲಿ ಮೆಟ್ಟಿದ್ದವರು ಚಪ್ಪಲಿ ಬಿಟ್ಟು ಬಂದು ಕೂತರು. ಕೂಸು ನೀರು ಕೇಳಿತು, ತಾಯಿ ಬರಿಗೊಡ ತೋರಿಸಿದಳು, ಹಲಗಿ ಮೆತ್ತಗಾಯಿತು. ಕೊನೆಯ ನುಡಿ ಬಂದಾಗ ಮುಕ್ಕುಂದದ ದ್ಯಾವಣ್ಣ, ಪಾಮನಕಲ್ಲೂರ ಎಂದು ಬಾಯ್ತುಂಬ ಹೇಳಿ, ಸೂಜಿ ಹಿಡಿದವಳ ಹೆಸರನ್ನು ಎರಡು ಸಲ ಹಾಡಿದ.

ಹುಸೇನಬಿ ನನ್ನ ಕೈಯನ್ನು ಬಿಡಲೇ ಇಲ್ಲ. ಪದ ಮುಗಿದ ಮೇಲೂ ಯಾರೊಬ್ಬರೂ ಎದ್ದು ಹೋಗಲಿಲ್ಲ.